ಹತ್ತನೆಯ ಗೆಲುವಿನವರೆಗೆ: ಐದು ಪ್ರಾಣಿಗಳ ಒಂದು ತಂಡ ಕಟ್ಟಿದ ಅನುಭವ

ಕಳೆದ ಮಂಗಳವಾರ ಸಂಜೆ, ತುಮಕೂರಿಗೆ ಹಿಂದಿರುಗುವ ರೈಲು ಚಿಕ್ಕಬಾಣಾವರ ದಾಟಿದ ಸ್ವಲ್ಪ ಹೊತ್ತಿಗೆ, ಸೂಪರ್ ಆಟೋ ಪೆಟ್ಸ್ ಆಟದಲ್ಲಿ ನನ್ನ ಹತ್ತನೆಯ ಗೆಲುವು ದಾಖಲಾಯಿತು. ಒಂದು ಸರಣಿಯಲ್ಲಿ, ಸೋತಾಗ ಒಂದೊಂದಾಗಿ ಹೋಗುವ ಐದು ಹೃದಯಗಳು ಮುಗಿಯುವುದರೊಳಗೆ ಹತ್ತು ಕದನಗಳನ್ನು ಗೆಲ್ಲಬೇಕು ಎಂಬುದಷ್ಟೇ ಈ ಆಟದ ಗುರಿ. ಕೇಳಲು ಸುಲಭವಾಗಿ ಕಾಣುವ ಈ ಗುರಿಯನ್ನು ಮುಟ್ಟಲು ನನಗೆ 47 ದಿನಗಳು ಮತ್ತು 58 ಸರಣಿಗಳು ಬೇಕಾದವು. ಮೊದಲ ಹತ್ತನ್ನು ಬಿಟ್ಟು ಉಳಿದ ಸರಣಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಈಗ ಆರಂಭಿಸುತ್ತಿರುವವರಿಗೆ, ಅದರಲ್ಲೂ ನನ್ನ ಹಾಗೆ ಇಂತಹ ಆಟಗಳ ಪರಿಚಯವೇ ಇಲ್ಲದೆ ಬಂದವರಿಗೆ, ನಾನು ಕಳೆದ ದಿನಗಳಲ್ಲಿ ಅರ್ಧದಷ್ಟಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಪ್ರತಿದಿನ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಹೋಗಿ ಬರುವವನು. ಬೆಳಿಗ್ಗೆ ಸೀಟು ಸಿಗುವುದು ಅಪರೂಪ. ಸಂಜೆ ಮಾತ್ರ ಒಂದು ಗಂಟೆಗೂ ಹೆಚ್ಚು ಹೊತ್ತು ಕುಳಿತು ಬರಬಹುದು. ಎರಡನೆಯ ಪಿಯುಸಿ ಪರೀಕ್ಷೆ ಮುಗಿಸಿ ರಜೆಗೆಂದು ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ಒಂದು ದಿನ ನನ್ನ ಮೊಬೈಲಿಗೆ ಈ ಆಟವನ್ನು ಹಾಕಿಕೊಟ್ಟು, "ಮಾಮ, ಇದಕ್ಕೆ ಕೈ ಚುರುಕಾಗಿರಬೇಕಿಲ್ಲ, ಲೆಕ್ಕ ಗೊತ್ತಿದ್ದರೆ ಸಾಕು" ಎಂದಿದ್ದ. ಲೆಕ್ಕ ಗೊತ್ತಿದೆ ಎಂಬ ನಂಬಿಕೆ ನನಗಿತ್ತು. ಯಾವ ಲೆಕ್ಕ ಎಂಬುದು ತಿಳಿಯಲು ತಡವಾಯಿತು.

ಆಟೋ ಬ್ಯಾಟ್ಲರ್ ಎಂದು ಕರೆಯುವ ಆಟಗಳಲ್ಲಿ ಆಡುವವನು ತಂಡವನ್ನು ಕಟ್ಟಿ ನಿಲ್ಲಿಸುತ್ತಾನೆಯೇ ಹೊರತು ಕದನದಲ್ಲಿ ಕೈಹಾಕುವಂತಿಲ್ಲ. 2019ರ ಜನವರಿಯಲ್ಲಿ ಚೀನಾದ ಡ್ರೋಡೋ ಸ್ಟುಡಿಯೋ ಹೊರತಂದ ಡೋಟಾ ಆಟೋ ಚೆಸ್ ಈ ಬಗೆಗೆ ದೊಡ್ಡ ಪ್ರಚಾರ ತಂದುಕೊಟ್ಟಿತು. ಅದೇ ವರ್ಷ ಟೀಮ್‌ಫೈಟ್ ಟ್ಯಾಕ್ಟಿಕ್ಸ್, ಡೋಟಾ ಅಂಡರ್‌ಲಾರ್ಡ್ಸ್, ಹಾರ್ತ್‌ಸ್ಟೋನ್ ಬ್ಯಾಟಲ್‌ಗ್ರೌಂಡ್ಸ್ ಬಂದವು. ಟೀಮ್ ವುಡ್ ಗೇಮ್ಸ್ ಎಂಬ ಸಣ್ಣ ತಂಡ 2021ರಲ್ಲಿ ತಂದ ಸೂಪರ್ ಆಟೋ ಪೆಟ್ಸ್ ಇವೆಲ್ಲಕ್ಕಿಂತ ಸರಳ. ಇಲ್ಲಿ ಯೋಧರಿಲ್ಲ, ಪ್ರಾಣಿಗಳಿವೆ. ಚೌಕಗಳ ಮೈದಾನವಿಲ್ಲ, ಐದು ಸ್ಥಾನಗಳ ಒಂದು ಸಾಲಿದೆ. ಸಾಲಿನ ಮುಂದಿರುವ ಪ್ರಾಣಿ ಎದುರಾಳಿಯ ಸಾಲಿನ ಮುಂದಿರುವ ಪ್ರಾಣಿಗೆ ಹೊಡೆಯುತ್ತದೆ, ಅದೇ ಕ್ಷಣಕ್ಕೆ ಅದರಿಂದ ಹೊಡೆತ ತಿನ್ನುತ್ತದೆ. ಪ್ರತಿ ಪ್ರಾಣಿಗೂ ಎರಡು ಅಂಕಿಗಳು, ದಾಳಿ ಮತ್ತು ಜೀವ. ಜೀವ ಮುಗಿದದ್ದು ಬೀಳುತ್ತದೆ, ಹಿಂದಿನದು ಮುಂದೆ ಸರಿಯುತ್ತದೆ. ಕದನ ಮುಗಿದ ಮೇಲೆ ಬಿದ್ದವೆಲ್ಲ ಮರಳಿ ಬರುತ್ತವೆ ಎಂಬುದನ್ನು ಹೊಸಬರು ಗಮನಿಸಬೇಕು. ಮೊದಲ ದಿನ ನನ್ನ ಮೀನು ಬಿದ್ದಾಗ ಅದು ಹೋಯಿತೆಂದೇ ತಿಳಿದು ಬೇಸರಪಟ್ಟಿದ್ದೆ.

ಪ್ರತಿ ಸುತ್ತಿನಲ್ಲೂ ಮೊದಲು ಅಂಗಡಿಯಲ್ಲಿ ಖರೀದಿ, ಆಮೇಲೆ ಒಂದು ಕದನ. ಖರೀದಿಗೆ ಪ್ರತಿ ಸುತ್ತಿಗೂ ಹತ್ತು ಚಿನ್ನದ ನಾಣ್ಯಗಳು ಸಿಗುತ್ತವೆ. ಪ್ರಾಣಿಗೆ ಮೂರು, ಹೆಚ್ಚಿನ ತಿನಿಸುಗಳಿಗೂ ಮೂರು, ಅಂಗಡಿಯ ಸರಕನ್ನು ಬದಲಿಸುವ ರೋಲ್‌ಗೆ ಒಂದು. ಉಳಿದ ನಾಣ್ಯ ಮುಂದಿನ ಸುತ್ತಿಗೆ ಬರುವುದಿಲ್ಲ. ಈ ಒಂದು ನಿಯಮವನ್ನು ನಾನು ನಾಲ್ಕು ಸರಣಿಗಳವರೆಗೆ ಗಮನಿಸಿರಲಿಲ್ಲ. ಇಷ್ಟವಾದ ಪ್ರಾಣಿ ಬರದಿದ್ದರೆ ನಾಣ್ಯ ಉಳಿಸಿ ಸುಮ್ಮನಾಗುತ್ತಿದ್ದೆ, ಅದು ಎಲ್ಲೋ ಜಮೆಯಾಗುತ್ತಿದೆ ಎಂಬ ಭಾವನೆಯಲ್ಲಿ. ಟೀಮ್‌ಫೈಟ್ ಟ್ಯಾಕ್ಟಿಕ್ಸ್‌ನಂತಹ ಆಟಗಳಲ್ಲಿ ಉಳಿಸಿದ ಚಿನ್ನಕ್ಕೆ ಬಡ್ಡಿಯೇ ಸಿಗುತ್ತದೆ. ಅಲ್ಲಿಂದ ಇಲ್ಲಿಗೆ ಬರುವವರೂ ಇದೇ ತಪ್ಪು ಮಾಡಬಹುದು. ಇಲ್ಲಿ ಉಳಿಸಬಹುದಾದದ್ದು ನಾಣ್ಯವನ್ನಲ್ಲ, ಸರಕನ್ನು. ಅಂಗಡಿಯಲ್ಲಿರುವ ಪ್ರಾಣಿಯನ್ನೋ ತಿನಿಸನ್ನೋ ಫ್ರೀಜ್ ಮಾಡಿದರೆ ಅದು ಮುಂದಿನ ಸುತ್ತಿಗೂ ಅಲ್ಲೇ ಇರುತ್ತದೆ, ಅದಕ್ಕೆ ಖರ್ಚಿಲ್ಲ. ಹತ್ತು ನಾಣ್ಯಗಳಲ್ಲಿ ಮೂರು ಖರೀದಿ ಮತ್ತು ಒಂದು ರೋಲ್, ಅಥವಾ ಎರಡು ಖರೀದಿ ಮತ್ತು ನಾಲ್ಕು ರೋಲ್. ಪ್ರತಿ ಸುತ್ತಿನಲ್ಲೂ ಈ ಎರಡರ ನಡುವೆ ಆಯ್ಕೆ ಮಾಡುವುದೇ ಮುಕ್ಕಾಲು ಪಾಲು ಕೆಲಸ.

ಮೊದಲ ವಾರ ನಾನು ಮಾಡಿದ್ದು ಬಲಿಷ್ಠ ಪ್ರಾಣಿಗಳನ್ನು ಕೂಡಿಹಾಕುವುದನ್ನು ಮಾತ್ರ. ಮೊದಲ ಎರಡು ಸುತ್ತುಗಳಲ್ಲಿ ಇರುವೆ, ಮೀನು, ಸೊಳ್ಳೆ, ಕುದುರೆಯಂತಹ ಮೊದಲ ಹಂತದ ಪ್ರಾಣಿಗಳು ಮಾತ್ರ ಅಂಗಡಿಗೆ ಬರುತ್ತವೆ. ಆಮೇಲೆ ಎರಡು ಸುತ್ತಿಗೊಮ್ಮೆ ಒಂದೊಂದು ಹಂತ ತೆರೆದುಕೊಳ್ಳುತ್ತದೆ. ಮೂರನೆಯ ಸುತ್ತಿಗೆ ಎರಡನೆಯ ಹಂತ, ಐದಕ್ಕೆ ಮೂರು, ಹೀಗೆ ಹನ್ನೊಂದನೆಯ ಸುತ್ತಿಗೆ ಆರನೆಯ ಹಂತ. ಮೇಲಿನ ಹಂತದ ಪ್ರಾಣಿ ಬಂದೊಡನೆ ಕೆಳಗಿನದನ್ನು ಮಾರಿ ಅದನ್ನು ಕೊಳ್ಳುತ್ತಿದ್ದೆ. ಹೀಗೆ ಕಟ್ಟಿದ ತಂಡದಲ್ಲಿ ಒಂದು ಮೊಸಳೆ, ಒಂದು ಒಂಟೆ, ಒಂದು ಬಸವನಹುಳು, ಒಂದು ಕೋತಿ ಇರುತ್ತಿದ್ದವು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಕೆಟ್ಟ ಪ್ರಾಣಿಯಲ್ಲ. ಆದರೆ ಒಂದರ ಕೆಲಸಕ್ಕೂ ಇನ್ನೊಂದರ ಕೆಲಸಕ್ಕೂ ಸಂಬಂಧವಿರುತ್ತಿರಲಿಲ್ಲ. ಮೊದಲ ಹತ್ತು ಸರಣಿಗಳಲ್ಲಿ ನನ್ನ ಅತಿ ಹೆಚ್ಚಿನ ಗೆಲುವು ನಾಲ್ಕು.

ನೋಟ್‌ಬುಕ್ ಆರಂಭವಾದದ್ದು ಹನ್ನೊಂದನೆಯ ಸರಣಿಯಿಂದ. ಪ್ರತಿ ಸುತ್ತಿನ ಕೊನೆಗೆ ನನ್ನ ಸಾಲು, ಎದುರಾಳಿಯ ಸಾಲು, ಸೋತಿದ್ದರೆ ಎಲ್ಲಿ ಸೋತೆ ಎಂಬ ಒಂದು ವಾಕ್ಯ, ಇಷ್ಟನ್ನೇ ಬರೆಯುತ್ತಿದ್ದೆ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ಅರೀನಾ ಎಂಬ ವಿಧಾನದಲ್ಲಿ ಆಡಿರಿ, ಅಲ್ಲಿ ಗಡಿಯಾರವಿಲ್ಲ. ಎದುರಿಗೆ ಬರುವುದು ಬೇರೊಬ್ಬ ಆಟಗಾರ ಅದೇ ಸುತ್ತಿನಲ್ಲಿ ಕಟ್ಟಿಟ್ಟಿದ್ದ ತಂಡವಾದ್ದರಿಂದ ಯಾರೂ ನಿಮಗಾಗಿ ಕಾಯುತ್ತಿರುವುದಿಲ್ಲ. ಬರೆಯಲು, ಯೋಚಿಸಲು, ಸ್ಟೇಷನ್ ಬಂದರೆ ಇಳಿದುಹೋಗಿ ಮರುದಿನ ಮುಂದುವರಿಸಲು ಪೂರ್ತಿ ಅವಕಾಶವಿದೆ. ಜನರ ಜೊತೆ ನೇರವಾಗಿ ಆಡುವ ವರ್ಸಸ್ ವಿಧಾನದಲ್ಲಿ ಸಮಯದ ಮಿತಿಯಿದೆ. ಕಲಿಯುವವರಿಗೆ ಅದು ತಕ್ಕದ್ದಲ್ಲ.

ಎರಡು ವಾರಗಳ ಬರಹವನ್ನು ಒಂದು ಭಾನುವಾರ ಕುಳಿತು ಓದಿದಾಗ ಒಂದು ವಿಷಯ ಎದ್ದು ಕಂಡಿತು. ನನ್ನ ಹೃದಯಗಳು ಹೋಗುತ್ತಿದ್ದುದು ಹೆಚ್ಚಾಗಿ ಏಳು, ಎಂಟು ಮತ್ತು ಒಂಬತ್ತನೆಯ ಸುತ್ತುಗಳಲ್ಲಿ. ಅದಕ್ಕೂ ಮೊದಲು ಎಲ್ಲರ ತಂಡಗಳೂ ಹೆಚ್ಚುಕಡಿಮೆ ಒಂದೇ ಬಲದವು; ಆ ಹೊತ್ತಿಗೆ ಇತರರ ತಂಡಗಳು ಒಂದು ಆಕಾರಕ್ಕೆ ಬಂದಿರುತ್ತಿದ್ದವು, ನನ್ನದು ಬಂದಿರುತ್ತಿರಲಿಲ್ಲ. ಆ ರಾತ್ರಿ ಅಕ್ಕನ ಮಗ ನನ್ನ ಪರದೆಯನ್ನು ನೋಡಿ, "ಮಾಮ, ಇರುವೆಯನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ? ಎಂಟನೇ ಸುತ್ತಾಯಿತಲ್ಲ" ಎಂದು ಕೇಳಿದ. ಅದು ಮೊದಲಿನಿಂದ ಜೊತೆಗಿದೆ, ಲೆವೆಲ್ ಕೂಡ ಏರಿದೆ ಎಂದೆ. "ಅದು ಸತ್ತಾಗ ಯಾರಿಗೆ ಏನು ಉಪಯೋಗ ಹೇಳಿ" ಎಂದ. ಇರುವೆ ಬಿದ್ದಾಗ ತನ್ನ ಬಳಗದಲ್ಲಿ ಯಾವುದಾದರೂ ಒಂದು ಪ್ರಾಣಿಗೆ ಸ್ವಲ್ಪ ಬಲ ಕೊಡುತ್ತದೆ. ಯಾವುದಕ್ಕೆ ಎಂಬುದನ್ನು ನಾವು ಆರಿಸುವಂತಿಲ್ಲ. ಎರಡನೆಯ ಸುತ್ತಿನಲ್ಲಿ ಅಷ್ಟು ಬಲ ಕದನವನ್ನೇ ತಿರುಗಿಸುತ್ತದೆ, ಎಂಟನೆಯ ಸುತ್ತಿನಲ್ಲಿ ಲೆಕ್ಕಕ್ಕೂ ಬರುವುದಿಲ್ಲ. ಅವನ ಪ್ರಶ್ನೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಅಲ್ಲಿಂದ ಮುಂದೆ ಪ್ರತಿ ಪ್ರಾಣಿಯನ್ನೂ ಅದರ ಅಂಕಿಗಳಿಂದ ಅಳೆಯದೆ, ಅದು ತನ್ನ ಕೆಲಸ ಮಾಡಿದ ಕ್ಷಣದಲ್ಲಿ ಸಾಲಿನಲ್ಲಿ ಉಳಿದವರಿಗೆ ಏನಾಗುತ್ತದೆ ಎಂಬುದರಿಂದ ಅಳೆಯಲು ಆರಂಭಿಸಿದೆ.

ಹೀಗೆ ಯೋಚಿಸಿದಾಗ ನನಗೆ ಹಿಡಿಸಿದ್ದು ಹೊಸ ಪ್ರಾಣಿಗಳನ್ನು ಕರೆತರುವ ತಂಡ. ಇದರ ಮೂಲ ವಿಚಾರ ಹೀಗಿದೆ. ಕ್ರಿಕೆಟ್ ಹುಳು, ಅಂದರೆ ನಮ್ಮ ಚಿಮ್ಮಂಡೆ, ಬಿದ್ದಾಗ ಅದರ ಜಾಗದಲ್ಲಿ ಒಂದು ಮರಿ ಚಿಮ್ಮಂಡೆ ಹುಟ್ಟುತ್ತದೆ. ಮೂರನೆಯ ಹಂತದ ಕುರಿ ಬಿದ್ದಾಗ ಎರಡು ಟಗರುಗಳು ಬರುತ್ತವೆ. ಸಾಲಿನಲ್ಲಿ ಕುದುರೆಯಿದ್ದರೆ ಹೀಗೆ ಬಂದ ಪ್ರತಿಯೊಂದಕ್ಕೂ ಆ ಕದನದ ಮಟ್ಟಿಗೆ ದಾಳಿ ಹೆಚ್ಚುತ್ತದೆ. ಐದನೆಯ ಹಂತದ ಟರ್ಕಿ ಕೋಳಿಯಿದ್ದರೆ ದಾಳಿ, ಜೀವ ಎರಡೂ ಹೆಚ್ಚುತ್ತವೆ. ಅದೇ ಹಂತದ ಶಾರ್ಕ್ ತನ್ನ ಬಳಗದ ಯಾವುದೇ ಪ್ರಾಣಿ ಬಿದ್ದಾಗಲೂ ತಾನು ಬೆಳೆಯುತ್ತದೆ. ಬೀಳುವುದರಿಂದ ಹುಟ್ಟು, ಹುಟ್ಟಿದ್ದಕ್ಕೆ ಬಲ, ಅದೂ ಬಿದ್ದರೆ ಹಿಂದೆ ನಿಂತ ಶಾರ್ಕಿಗೆ ಬಲ ಎಂಬ ಈ ಸರಪಳಿ ಕಾಗದದ ಮೇಲೆ ಬಹಳ ಚೆನ್ನಾಗಿ ಕಂಡಿತು. ಇದನ್ನು ಹಿಡಿದುಕೊಂಡು ಇಪ್ಪತ್ತೆರಡನೆಯ ಸರಣಿಯಿಂದ ಆಡಿದೆ, ಮತ್ತೆ ಸೋತೆ.

ಸೋಲಿನ ಕಾರಣ ಹುಡುಕಲು ಒಂಬತ್ತು ದಿನ ಹಿಡಿಯಿತು. ಈ ಭಾಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊಸಬರು ಇದರಲ್ಲೇ ಹೆಚ್ಚು ಮುಗ್ಗರಿಸುತ್ತಾರೆಂದು ನನಗೆ ಅನಿಸುತ್ತದೆ. ನಾನು ಕುರಿಯನ್ನು ಸಾಲಿನ ಮುಂದೆಯೇ ನಿಲ್ಲಿಸುತ್ತಿದ್ದೆ. ಎರಡು ಟಗರುಗಳು ಬೇಗ ಬರಲಿ, ಬೇಗ ಹೊಡೆಯಲಿ ಎಂಬುದು ನನ್ನ ಎಣಿಕೆ. ಕದನವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಬಂದದ್ದು ಒಂದೇ ಟಗರು ಎಂಬುದು ಗಮನಕ್ಕೆ ಬಂತು. ಮೊದಲು ಇದು ಆಟದ ದೋಷವೆಂದೇ ತಿಳಿದೆ. ಸಾಲಿನಲ್ಲಿ ಐದಕ್ಕಿಂತ ಹೆಚ್ಚು ಪ್ರಾಣಿಗಳು ನಿಲ್ಲುವಂತಿಲ್ಲ ಎಂಬ ನಿಯಮ ಕದನದ ಒಳಗೂ ಅನ್ವಯಿಸುತ್ತದೆ ಎಂಬುದು ಹೊಳೆದದ್ದು ಆಮೇಲೆ. ಐದು ಪ್ರಾಣಿಗಳಲ್ಲಿ ಕುರಿ ಬಿದ್ದರೆ ನಾಲ್ಕು ಉಳಿಯುತ್ತವೆ, ಖಾಲಿಯಾದದ್ದು ಒಂದೇ ಜಾಗ, ಹಾಗಾಗಿ ಬಂದದ್ದು ಒಂದೇ ಟಗರು. ಎರಡನೆಯ ಟಗರಿಗೆ ಜಾಗವಿಲ್ಲದ್ದರಿಂದ ಅದು ಬರಲೇ ಇಲ್ಲ. ಮೂರು ನಾಣ್ಯ ಕೊಟ್ಟು ಕೊಂಡ ಪ್ರಾಣಿಯ ಅರ್ಧ ಕೆಲಸ ಪ್ರತಿ ಕದನದಲ್ಲೂ ಹೀಗೆ ಹಾಳಾಗುತ್ತಿತ್ತು.

ಪರಿಹಾರ ಸರಳವಾಗಿತ್ತು: ಕುರಿಗೆ ಮೊದಲು ಬೇರೊಂದು ಬಿದ್ದು ಜಾಗ ತೆರವಾಗಿರಬೇಕು. ಚಿಮ್ಮಂಡೆಯನ್ನು ಮುಂದೆ ನಿಲ್ಲಿಸಿ ಕುರಿಯನ್ನು ಎರಡನೆಯ ಸ್ಥಾನಕ್ಕೆ ಸರಿಸಿದೆ. ಚಿಮ್ಮಂಡೆ ಬೀಳುತ್ತದೆ, ಅದರ ಮರಿ ಆ ಜಾಗಕ್ಕೆ ಬಂದು ಅದೂ ಬೀಳುತ್ತದೆ. ಈಗ ಸಾಲಿನಲ್ಲಿ ನಾಲ್ಕೇ ಪ್ರಾಣಿಗಳು. ಕುರಿ ಬಿದ್ದಾಗ ಮೂರು ಉಳಿಯುತ್ತವೆ, ಎರಡು ಟಗರುಗಳೂ ಬರುತ್ತವೆ. ಇದೊಂದೇ ಬದಲಾವಣೆಯಿಂದ ಮರುದಿನದ ಸರಣಿಯಲ್ಲಿ ನನಗೆ ಮೊದಲ ಬಾರಿಗೆ ಏಳು ಗೆಲುವುಗಳು ಬಂದವು. ರೈಲಿನಲ್ಲಿ ಪಕ್ಕದವರಿಗೆ ಹೇಳಿಕೊಳ್ಳುವಂತಿರಲಿಲ್ಲ, ಆದರೂ ಅಂದು ಕ್ಯಾತ್ಸಂದ್ರ ಬಂದದ್ದೇ ನನಗೆ ಗೊತ್ತಾಗಲಿಲ್ಲ.

ಇದೇ ಲೆಕ್ಕ ಜೇನಿಗೂ ಅನ್ವಯಿಸುತ್ತದೆ. ಜೇನು ತಿಂದ ಪ್ರಾಣಿ ಬಿದ್ದಾಗ ಒಂದು ಜೇನುಹುಳು ಬರುತ್ತದೆಂದು ನಾನು ಚಿಮ್ಮಂಡೆಗೆ ಯಾವಾಗಲೂ ಜೇನು ತಿನ್ನಿಸುತ್ತಿದ್ದೆ. ತಂಡ ತುಂಬಿದ್ದಾಗ ಮುಂದಿನ ಚಿಮ್ಮಂಡೆ ಬಿದ್ದರೆ ಖಾಲಿಯಾದ ಒಂದು ಜಾಗಕ್ಕೆ ಮರಿಯೇ ಬಂದು ನಿಲ್ಲುವುದರಿಂದ ಜೇನುಹುಳುವಿಗೆ ಜಾಗವೆಲ್ಲಿ? ತಂಡದಲ್ಲಿ ನಾಲ್ಕೇ ಪ್ರಾಣಿಗಳಿರುವ ಆರಂಭದ ಸುತ್ತುಗಳಲ್ಲಿ ಮಾತ್ರ ಅದು ಸರಿ. ಆಮೇಲೆ ಜೇನನ್ನು ಕುದುರೆಯಂತಹ, ತಾನೇ ಯಾರನ್ನೂ ಕರೆತರದ ಪ್ರಾಣಿಗೆ ಕೊಡಬೇಕು.

ಇನ್ನೊಂದು ಪಾಠ ಲೆವೆಲ್ ಏರಿಸುವ ಹೊತ್ತಿನದು. ಒಂದೇ ಪ್ರಾಣಿಯ ಮೂರು ಪ್ರತಿಗಳು ಕೂಡಿದರೆ ಎರಡನೆಯ ಲೆವೆಲ್, ಒಟ್ಟು ಆರು ಕೂಡಿದರೆ ಮೂರನೆಯ ಲೆವೆಲ್. ಲೆವೆಲ್ ಏರಿದಾಗ ಆ ಸುತ್ತಿನ ಅಂಗಡಿಗಿಂತ ಒಂದು ಹಂತ ಮೇಲಿನ ಎರಡು ಪ್ರಾಣಿಗಳು ಆಯ್ಕೆಗೆ ಬರುತ್ತವೆ, ಮೂರು ನಾಣ್ಯ ಕೊಟ್ಟು ಒಂದನ್ನು ಕೊಳ್ಳಬಹುದು. ಅಂಗಡಿಯ ಹಂತ ಏರುವುದು ಬೆಸ ಸುತ್ತುಗಳಲ್ಲಿ. ಆದ್ದರಿಂದ ಆರನೆಯ ಸುತ್ತಿನಲ್ಲಿ ಮೂರನೆಯ ಪ್ರತಿ ಕಂಡಾಗ ಅದನ್ನು ಕೂಡಲೇ ಸೇರಿಸಿದರೆ ಸಿಗುವುದು ನಾಲ್ಕನೆಯ ಹಂತದ ಪ್ರಾಣಿ. ಅದನ್ನು ಫ್ರೀಜ್ ಮಾಡಿ ಏಳನೆಯ ಸುತ್ತಿನಲ್ಲಿ ಸೇರಿಸಿದರೆ ಐದನೆಯ ಹಂತದ್ದು. ಒಂಬತ್ತನೆಯ ಸುತ್ತಿಗೆ ಮೊದಲು ಅಂಗಡಿಗೆ ಬಾರದ ಟರ್ಕಿ ಕೋಳಿ ಹೀಗೆ ಏಳರಲ್ಲೇ ಕೈಗೆ ಬರುವ ಸಾಧ್ಯತೆಯಿದೆ, ಮತ್ತು ನನ್ನ ಹೃದಯಗಳು ಹೋಗುತ್ತಿದ್ದುದು ಸರಿಯಾಗಿ ಆ ಸುತ್ತುಗಳಲ್ಲೇ. ಖಂಡಿತ ಬರುತ್ತದೆಂದು ಹೇಳಲಾಗದು. ಬಾರದಿದ್ದಾಗ ಶಾರ್ಕ್ ಅಥವಾ ಆ ಹೊತ್ತಿಗೆ ಒಗ್ಗುವ ಬೇರೊಂದನ್ನು ಕೊಂಡು ಮುಂದೆ ಹೋಗಬೇಕು. ಟರ್ಕಿಯೇ ಬೇಕೆಂದು ಎಲ್ಲ ನಾಣ್ಯಗಳನ್ನೂ ರೋಲ್‌ಗೆ ಸುರಿದು ಎರಡು ಸರಣಿಗಳನ್ನು ನಾನು ಕಳೆದುಕೊಂಡಿದ್ದೇನೆ.

ನಡುವೆ ಒಂದು ವಾರ ಬೇರೆ ದಾರಿಯನ್ನೂ ನೋಡಿದೆ. ಕದನಕ್ಕೆ ಮೊದಲೇ, ಸುತ್ತಿನ ಕೊನೆಯಲ್ಲಿ ಬಲವನ್ನು ಶಾಶ್ವತವಾಗಿ ಹೆಚ್ಚಿಸುವ ಜಿರಾಫೆ, ಪೆಂಗ್ವಿನ್, ಕೋತಿಗಳ ತಂಡ ಅದು. ಯಾವ ಅಂಕಿಯೂ 50ನ್ನು ಮೀರುವಂತಿಲ್ಲ ಎಂಬ ಮಿತಿಯವರೆಗೆ ಅದು ನಿಧಾನವಾಗಿ ಬೆಳೆಯುತ್ತದೆ. ಒಳ್ಳೆಯ ತಂಡವೇ ಹೌದು. ಆದರೆ ಎದುರಾಳಿಯ ಬಳಿ ಚೇಳಿದ್ದರೆ ಎಷ್ಟು ದಿನ ಬೆಳೆಸಿದ ಪ್ರಾಣಿಯಾದರೂ ಒಂದೇ ಕುಟುಕಿಗೆ ಬೀಳುತ್ತದೆ. ಹತ್ತು ಸುತ್ತು ಸಾಕಿದ ಪ್ರಾಣಿಯನ್ನು ಒಂದು ಜೀವದ ಚೇಳು ಉರುಳಿಸುವುದನ್ನು ಎರಡು ಬಾರಿ ನೋಡಿದ ಮೇಲೆ ನಾನು ಮತ್ತೆ ಟಗರುಗಳಿಗೇ ಮರಳಿದೆ. ಸಣ್ಣ ಪ್ರಾಣಿಗಳು ಹಲವು ಇದ್ದರೆ ಚೇಳು ಕುಟುಕುವುದು ಅವುಗಳಲ್ಲಿ ಒಂದನ್ನು ಮಾತ್ರ, ಮತ್ತು ಆ ಸಣ್ಣದರ ತಿರುಗೇಟಿಗೇ ಚೇಳು ಬೀಳುತ್ತದೆ.

ಆದರೆ ನನ್ನ ತಂಡಕ್ಕೂ ಒಂದು ದೌರ್ಬಲ್ಯವಿತ್ತು. ಕದನ ಆರಂಭವಾಗುವ ಕ್ಷಣದಲ್ಲೇ ದೂರದಿಂದ ಹೊಡೆಯುವ ಪ್ರಾಣಿಗಳಿವೆ: ಸೊಳ್ಳೆ, ಡಾಲ್ಫಿನ್, ಮೊಸಳೆ, ಚಿರತೆ. ಇವುಗಳಲ್ಲಿ ಮೊಸಳೆ ಹೊಡೆಯುವುದು ಸಾಲಿನ ಕೊನೆಯ ಪ್ರಾಣಿಗೆ. ಜೋಪಾನವಾಗಿರಲೆಂದು ನಾನು ಟರ್ಕಿಯನ್ನು ಕೊನೆಯಲ್ಲಿ ನಿಲ್ಲಿಸುತ್ತಿದ್ದೆ. ಮೊಸಳೆ ಬಂದ ದಿನ ಒಂದು ಟಗರೂ ಹುಟ್ಟುವ ಮೊದಲೇ ಟರ್ಕಿ ಬಿದ್ದಿರುತ್ತಿತ್ತು, ಸರಪಳಿಯ ನಡುವಿನ ಕೊಂಡಿಯೇ ಇಲ್ಲವಾಗುತ್ತಿತ್ತು. ಟರ್ಕಿಯನ್ನು ನಾಲ್ಕನೆಯ ಸ್ಥಾನಕ್ಕೆ ತಂದು, ಕೊನೆಯಲ್ಲಿ ಹೆಚ್ಚು ಜೀವವಿರುವ ಶಾರ್ಕನ್ನು ನಿಲ್ಲಿಸಿ, ಮೊದಲು ಬೆಳ್ಳುಳ್ಳಿಯನ್ನೂ ಆರನೆಯ ಹಂತ ತೆರೆದ ಮೇಲೆ ಕಲ್ಲಂಗಡಿಯನ್ನೂ ಅದಕ್ಕೆ ತಿನ್ನಿಸುವ ಪದ್ಧತಿ ಹೀಗೆ ಬಂತು. ಬೆಳ್ಳುಳ್ಳಿ ಪ್ರತಿ ಹೊಡೆತವನ್ನೂ ಸ್ವಲ್ಪ ತಗ್ಗಿಸುತ್ತದೆ, ಕಲ್ಲಂಗಡಿ ಒಂದು ದೊಡ್ಡ ಹೊಡೆತವನ್ನು ತಾನೇ ತಿಂದು ಮುಗಿದುಹೋಗುತ್ತದೆ. ಕದನದ ಆರಂಭದಲ್ಲಿ ಇಂತಹ ಹಲವು ಪ್ರಾಣಿಗಳಿದ್ದರೆ ಹೆಚ್ಚಿನ ದಾಳಿಯಿರುವುದು ಮೊದಲು ಹೊಡೆಯುತ್ತದೆ ಎಂಬುದನ್ನೂ ನೆನಪಿಡಬೇಕು.

ಖರ್ಚಿನ ಬಗ್ಗೆ ಕೇಳುವವರಿಗೆ: ಆಟ ಉಚಿತ. ಹೊಸ ಪ್ರಾಣಿಗಳ ಪ್ಯಾಕ್‌ಗಳನ್ನು ಹಣ ಕೊಟ್ಟು ಕೊಳ್ಳಬಹುದು, ನಾನು ಕೊಂಡಿಲ್ಲ. ಮೊದಲಿನಿಂದ ಉಚಿತವಾಗಿರುವ ಟರ್ಟಲ್ ಪ್ಯಾಕ್, ಅಂದರೆ ಆಮೆಯ ಪ್ಯಾಕ್, ಕಲಿಯಲು ಧಾರಾಳವಾಗಿ ಸಾಕು. ಇಲ್ಲಿ ಹೇಳಿರುವ ಪ್ರಾಣಿಗಳೆಲ್ಲ ಅದರವೇ. ತಯಾರಕರು ಆಗಾಗ ಅಂಕಿಗಳನ್ನು ಬದಲಿಸುತ್ತಿರುತ್ತಾರೆ, ಹಾಗಾಗಿ ಯಾರ ಬರಹದಲ್ಲಿ ಏನೇ ಇದ್ದರೂ ಪ್ರಾಣಿಯ ಮೇಲೆ ಬೆರಳಿಟ್ಟು ಇಂದಿನ ವಿವರವನ್ನು ಓದಿಕೊಳ್ಳಿರಿ. ನನಗೆ ನಿಜವಾಗಿ ಆದ ಖರ್ಚು ಸಮಯ, ಒಂದು ಸರಣಿಗೆ ಅರ್ಧ ಗಂಟೆಗೂ ಮಿಕ್ಕಿ. ರೈಲಿನಲ್ಲಿ ಆಡುವವರಿಗೆ ಇನ್ನೊಂದು ತೊಡಕಿದೆ. ಎದುರಾಳಿಯ ತಂಡ ಬರಬೇಕಾದರೆ ಇಂಟರ್ನೆಟ್ ಬೇಕು, ನನ್ನ ಮೊಬೈಲಿಗೆ ದೊಡ್ಡಬೆಲೆಯ ಆಚೀಚೆ ಸಿಗ್ನಲ್ ನಿಲ್ಲುತ್ತಿರಲಿಲ್ಲ. ಸುತ್ತು ಮುಗಿಸುವ ಗುಂಡಿ ಒತ್ತಿದ ಮೇಲೆ ಪರದೆ ಹಾಗೇ ನಿಂತುಬಿಡುತ್ತಿತ್ತು. ಮೊದಲ ಸಲ ಹೀಗಾದಾಗ ಸರಣಿಯೇ ಹೋಯಿತೆಂದು ಎದೆ ಹೊಡೆದುಕೊಂಡಿತು. ಸಂಪರ್ಕ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯಿತು. ಆಮೇಲಿಂದ ಆ ದಾರಿಯಲ್ಲಿ ಖರೀದಿ ಮಾತ್ರ ಮಾಡಿ, ಕದನವನ್ನು ಹಿರೇಹಳ್ಳಿಗೆ ಬಿಡುತ್ತಿದ್ದೆ.

ನಲವತ್ತರಿಂದ ಐವತ್ತೇಳನೆಯವರೆಗಿನ ಸರಣಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಳು, ಎಂಟು, ಆರು, ಎಂಟು, ಮೂರು. ಎರಡು ಬಾರಿ ಒಂಬತ್ತು. ಒಂಬತ್ತು ಗೆದ್ದು ಹತ್ತನೆಯದನ್ನು ಸೋತ ಎರಡನೆಯ ಸಂಜೆ ನಾನು ಊಟ ಸರಿಯಾಗಿ ಮಾಡಲಿಲ್ಲ, ಮನೆಯವರಿಗೆ ಕಾರಣ ಹೇಳಲಿಕ್ಕೂ ಆಗಲಿಲ್ಲ. ಆ ಎರಡೂ ಸಲ ಮಾಡಿದ ತಪ್ಪು ಒಂದೇ ಎಂದು ನೋಟ್‌ಬುಕ್ ತೋರಿಸಿತು. ಹನ್ನೊಂದನೆಯ ಸುತ್ತಿನಲ್ಲಿ ಆರನೆಯ ಹಂತ ತೆರೆದೊಡನೆ, ಚೆನ್ನಾಗಿ ನಡೆಯುತ್ತಿದ್ದ ಸಾಲನ್ನು ಒಡೆದು ಹೊಸದನ್ನು ತುರುಕಿದ್ದೆ. ಒಮ್ಮೆ ಕಾಡುಹಂದಿ, ಇನ್ನೊಮ್ಮೆ ನೊಣ. ನೊಣದ ಮೇಲೆ ನನಗೆ ಬಹಳ ಭರವಸೆಯಿತ್ತು, ಏಕೆಂದರೆ ಅದು ಬಳಗದಲ್ಲಿ ಬಿದ್ದ ಪ್ರಾಣಿಯ ಜಾಗಕ್ಕೆ ಇನ್ನೊಂದು ನೊಣವನ್ನು ಕರೆತರುತ್ತದೆ, ಒಂದು ಕದನದಲ್ಲಿ ಮೂರು ಬಾರಿ. ಆದರೆ ಜಾಗದ ಲೆಕ್ಕವನ್ನು ಮತ್ತೆ ಮರೆತಿದ್ದೆ. ಕುರಿಗಾಗಿ ತೆರವಾಗಬೇಕಿದ್ದ ಜಾಗಕ್ಕೆ ನೊಣದ ನೊಣವೇ ಬಂದು ನಿಂತಿತು. ನೊಣವನ್ನೇ ನೆಚ್ಚಿ ಕಟ್ಟಿದ ತಂಡಗಳು ಗೆಲ್ಲುವುದನ್ನು ನೋಡಿದ್ದೇನೆ. ಕುರಿಯನ್ನು ನೆಚ್ಚಿದ ಸಾಲಿಗೆ ಕೊನೆಯ ಗಳಿಗೆಯಲ್ಲಿ ಅದನ್ನು ತರಬಾರದಿತ್ತು.

ಐವತ್ತೆಂಟನೆಯ ಸರಣಿ ಕಳೆದ ಸೋಮವಾರ ಸಂಜೆ ಆರಂಭವಾಯಿತು. ಮೊದಲ ಸುತ್ತಿನಲ್ಲೇ ಎರಡು ಚಿಮ್ಮಂಡೆ ಮತ್ತು ಒಂದು ಕುದುರೆ ಸಿಕ್ಕವು. ಎರಡು ಗೆಲುವು, ಒಂದು ಸಮ, ಒಂದು ಸೋಲು. ಸಮವಾದರೆ ಹೃದಯ ಹೋಗುವುದಿಲ್ಲ, ಗೆಲುವೂ ಸೇರುವುದಿಲ್ಲ. ಐದನೆಯ ಸುತ್ತಿನಲ್ಲಿ ಕುರಿ ಬಂತು. ಆರನೆಯದರಲ್ಲಿ ಮೂರನೆಯ ಚಿಮ್ಮಂಡೆ ಕಂಡಿತು. ಸೇರಿಸಲು ಬೆರಳು ತುಡಿಯುತ್ತಿದ್ದರೂ ಫ್ರೀಜ್ ಮಾಡಿ, ಉಳಿದ ನಾಣ್ಯಗಳಲ್ಲಿ ಕುರಿಗೆ ತಿನಿಸು ಕೊಟ್ಟೆ. ಆ ಸುತ್ತನ್ನು ಸೋತೆ. ಒಂದು ಹೃದಯ ಕೊಟ್ಟು ಮುಂದಿನ ಸುತ್ತನ್ನು ಕೊಂಡಂತಾಯಿತು, ಅದು ಸರಿಯಾದ ಬೆಲೆಯೇ ಎಂದು ಈಗಲೂ ನಂಬಿದ್ದೇನೆ. ಏಳನೆಯ ಸುತ್ತಿನಲ್ಲಿ ಚಿಮ್ಮಂಡೆಯನ್ನು ಸೇರಿಸಿದಾಗ ಆಯ್ಕೆಗೆ ಬಂದದ್ದು ಘೇಂಡಾಮೃಗ ಮತ್ತು ಟರ್ಕಿ.

ಅಲ್ಲಿಂದ ನಾಲ್ಕು ಗೆಲುವುಗಳು ಒಂದರ ಹಿಂದೆ ಒಂದು ಬಂದವು. ಶಾರ್ಕ್ ಹತ್ತನೆಯ ಸುತ್ತಿನಲ್ಲಿ ಸಿಕ್ಕಿತು. ಅದಕ್ಕಾಗಿ, ಅದುವರೆಗೆ ಕೊನೆಯಲ್ಲಿ ನಿಂತು ಹೊಡೆತ ತಡೆದಿದ್ದ ಎತ್ತನ್ನು ಮಾರಿದೆ. ಹನ್ನೊಂದರಲ್ಲಿ ಸೋತೆ. ಅಷ್ಟರಲ್ಲಿ ತುಮಕೂರು ಬಂತು, ಆಟವನ್ನು ಅಲ್ಲಿಗೇ ನಿಲ್ಲಿಸಿದೆ. ಆರು ಗೆಲುವು, ಎರಡು ಹೃದಯ. ರಾತ್ರಿ ಮನೆಯಲ್ಲಿ ಮುಂದುವರಿಸಬಹುದಿತ್ತು, ಆದರೆ ದಣಿದ ತಲೆಯಲ್ಲಿ ಆಡಿದ ಸುತ್ತುಗಳು ನನಗೆ ಎಂದೂ ಒಳ್ಳೆಯದು ಮಾಡಿಲ್ಲ ಎಂದು ನೋಟ್‌ಬುಕ್ ಹೇಳುತ್ತಿತ್ತು.

ಮರುದಿನ ಸಂಜೆ ರೈಲು ಯಶವಂತಪುರದಲ್ಲಿ ಬಹಳ ಹೊತ್ತು ನಿಂತಿದ್ದು ನನಗೆ ಅನುಕೂಲವಾಯಿತು. ಹನ್ನೆರಡು, ಹದಿಮೂರು, ಹದಿನಾಲ್ಕನೆಯ ಸುತ್ತುಗಳನ್ನು ಅಲ್ಲೇ ಗೆದ್ದೆ. ಹದಿಮೂರರಲ್ಲಿ ನೊಣವೂ ಕಾಡುಹಂದಿಯೂ ಒಟ್ಟಿಗೆ ಅಂಗಡಿಗೆ ಬಂದವು. ಎರಡನ್ನೂ ಬಿಟ್ಟು, ಶಾರ್ಕಿಗೆ ಕಲ್ಲಂಗಡಿಯನ್ನೂ ಇನ್ನೊಂದು ಕುರಿಯನ್ನೂ ಕೊಂಡೆ, ಕುರಿ ಎರಡನೆಯ ಲೆವೆಲ್‌ಗೆ ಏರಿತು. ಸಾಲು ಮುಂದಿನಿಂದ ಹಿಂದಕ್ಕೆ ಹೀಗಿತ್ತು: ಚಿಮ್ಮಂಡೆ, ಕುರಿ, ಕುದುರೆ, ಟರ್ಕಿ, ಶಾರ್ಕ್. ಹದಿನೈದನೆಯ ಸುತ್ತಿನ ಎದುರಾಳಿಯ ಬಳಿ ಮೊಸಳೆಯಿತ್ತು, ಚೇಳಿತ್ತು, ಎರಡೂ ಅಂಕಿಗಳು ಮೂವತ್ತನ್ನು ಮೀರಿದ ಒಂದು ಕಾಡುಕೋಣವಿತ್ತು. ಮೊಸಳೆಯ ಹೊಡೆತ ಶಾರ್ಕಿನ ಕಲ್ಲಂಗಡಿಗೆ ತಗುಲಿ ವ್ಯರ್ಥವಾಯಿತು. ಚಿಮ್ಮಂಡೆ ಬಿತ್ತು, ಮರಿ ಬಿತ್ತು, ಕುರಿ ಬಿತ್ತು, ಎರಡು ಟಗರುಗಳೂ ಬಂದವು. ಮೊದಲ ಟಗರನ್ನು ಚೇಳು ಕುಟುಕಿತು, ತಾನೂ ಬಿತ್ತು. ಎರಡನೆಯ ಟಗರು ಮೊಸಳೆಯನ್ನು ಉರುಳಿಸಿ ಕಾಡುಕೋಣದ ಎದುರು ಬಿತ್ತು. ಕುದುರೆಯೂ ಟರ್ಕಿಯೂ ಕಾಡುಕೋಣವನ್ನು ಸ್ವಲ್ಪ ಸ್ವಲ್ಪ ಕೆಡವಿ ಹೋದವು. ಏಳು ಸಾವುಗಳಿಂದ ಬೆಳೆದ ಶಾರ್ಕ್ ಒಂದೇ ಉಳಿದಿತ್ತು, ಎದುರಿಗೆ ಗಾಯಗೊಂಡ ಕಾಡುಕೋಣ ಒಂದೇ. ಇಬ್ಬರೂ ಹೊಡೆದರು. ಶಾರ್ಕ್ ನಿಂತಿತು.

ಪರದೆಯ ಚಿತ್ರವನ್ನು ಅಕ್ಕನ ಮಗನಿಗೆ ಕಳುಹಿಸಿದೆ. ಅವನಿಂದ ಬಂದ ಉತ್ತರ: "ಸೂಪರ್ ಮಾಮ! ಆದರೆ ಹದಿನೈದನೇ ಸುತ್ತಿನಲ್ಲೂ ಕುದುರೆ ಯಾಕೆ?" ಮರಿ ಚಿಮ್ಮಂಡೆ ಒಂದು, ಟಗರು ಎರಡು, ಒಟ್ಟು ಮೂರು ಬಾರಿ ಅದು ಕೆಲಸ ಮಾಡುತ್ತದೆ, ಆಮೇಲೆ ತಾನು ಬಿದ್ದು ಶಾರ್ಕಿಗೆ ಬಲ ಕೊಡುತ್ತದೆ, ಅದರ ಜಾಗಕ್ಕೆ ಏನು ತಂದರೂ ಟಗರುಗಳ ಜಾಗ ಕೆಡಬಾರದಿತ್ತು ಎಂದು ಬರೆದೆ. ಸ್ವಲ್ಪ ಹೊತ್ತಿನ ಮೇಲೆ ಅವನು, ನೋಟ್‌ಬುಕ್ಕಿನ ಆ ಪುಟದ ಫೋಟೋ ಕಳುಹಿಸಿ ಎಂದು ಕೇಳಿದ.